ಒಂಬತ್ತನೇ ನಂಬರಿಗೆ ಗಂಧದ ಹಾರ

ನಮ್ಮ ಸಾಗರದ ಕಾಲೇಜಿನಲ್ಲಿ ವರ್ಷದ ಮೊದಲ ಸಭೆಗೆ ಯಾರು ಎಲ್ಲರಿಗಿಂತ ತಡವಾಗಿ ಬರುತ್ತಾರೋ ಅವರ ತಲೆಗೆ ಕ್ರೀಡಾ ಸಮಿತಿ. ಹೀಗೆಂದು ಎಲ್ಲೂ ಬರೆದಿಲ್ಲ, ಆದರೆ ತಪ್ಪಿದ್ದೂ ಇಲ್ಲ. ಆ ವರ್ಷ ನಾನು ಒಳಗೆ ಹೋಗುವಷ್ಟರಲ್ಲಿ ಗ್ರಂಥಾಲಯ ಸಮಿತಿ, ಪ್ರವಾಸ ಸಮಿತಿ, ಗೋಡೆಪತ್ರಿಕೆ ಎಲ್ಲ ಹಂಚಿಹೋಗಿ, ತಟ್ಟೆಯಲ್ಲಿ ಒಂದು ಮುರುಕು ಬಿಸ್ಕತ್ತು ಉಳಿದಿತ್ತು. ಕನ್ನಡ ಪಾಠ ಹೇಳಿಕೊಂಡಿದ್ದ ನಾನು ಜನ್ಮದಲ್ಲಿ ಒಂದೇ ಸಲ ವಾಲಿಬಾಲ್ ಮುಟ್ಟಿದವನು. ಅದೂ ಚೆಂಡು ತಾನಾಗಿಯೇ ಬಂದು ನನ್ನ ಮೂಗನ್ನು ಮುಟ್ಟಿದ್ದು. ಬಿಸ್ಕತ್ತನ್ನೂ ಕಾರ್ಯದರ್ಶಿ ಪಟ್ಟವನ್ನೂ ಒಟ್ಟಿಗೇ ಸ್ವೀಕರಿಸಿದೆ.

ಅದೇ ವರ್ಷ ನಮ್ಮ ಕಾಲೇಜನ್ನು ಅಳೆದು ತೂಗಿ ಅಂಕ ಕೊಡುವ ತಂಡ ಬರುವುದಿತ್ತು. ಅವರು ಮೊದಲೇ ಕಳಿಸಿದ್ದ ನಮೂನೆಯಲ್ಲಿ ಒಂದು ಕಾಲಂ: ‘ನಿಮ್ಮ ಸಂಸ್ಥೆಯಲ್ಲಿ ಮಾತ್ರ ಇರುವ ಒಂದು ವಿಶೇಷ ಪದ್ಧತಿಯನ್ನು ವಿವರಿಸಿ.’ ಹಿಂದಿನ ಸಲ ಮಳೆನೀರು ಸಂಗ್ರಹ ಎಂದು ಬರೆದಿದ್ದೆವು. ತಂಡದವರು ಬಂದ ದಿನ ಬಿದ್ದ ಮಳೆಗೆ ಅವರ ಕಾರೇ ಗೇಟಿನ ಹತ್ತಿರ ಸಂಗ್ರಹವಾಗಿಬಿಟ್ಟು, ಆ ಕಾಲಮಿಗೆ ಸೊನ್ನೆ ಬಿದ್ದಿತ್ತು. ಈ ಸಲ ಹೊಸದೇನಾದರೂ ಬೇಕು ಎಂದು ಪ್ರಿನ್ಸಿಪಾಲರು ಹಟ ಹಿಡಿದರು.

ಆಗ ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು ಫೋನು ತೆಗೆದು ಒಂದು ವಿಡಿಯೋ ತೋರಿಸಿದರು. ಯಾವುದೋ ದೇಶದ ಕಾಲೇಜಿನ ದೊಡ್ಡ ಒಳಾಂಗಣ. ಮಾಡಿನ ತೊಲೆಗಳಿಂದ ಅಂಗಿಗಳು ನೇತಾಡುತ್ತಿವೆ.

“ಒಗೆದು ಒಣಗಿಸಿದ್ದಾ?” ಎಂದರು ಪ್ರಿನ್ಸಿಪಾಲರು.

“ಅಲ್ಲ ಸಾರ್, ಗೌರವ. ತುಂಬ ದೊಡ್ಡ ಆಟಗಾರ ಆಗಿದ್ರೆ ಅವನ ನಂಬರನ್ನ ಇನ್ಯಾರಿಗೂ ಕೊಡಲ್ಲ. ಕಾಲೇಜು ಇರೋ ತನಕ ಆ ನಂಬರು ಅವನದ್ದೇ. ಯಾರೂ ಹಾಕೋ ಹಂಗಿಲ್ಲ.”

ಪ್ರಿನ್ಸಿಪಾಲರ ಮುಖ ಬೆಳಗಿತು. ಇಡೀ ಜಿಲ್ಲೆಯಲ್ಲಿ ಯಾರೂ ಮಾಡಿರದ ಕೆಲಸ, ಏನನ್ನೂ ಕಟ್ಟಿಸುವುದು ಬೇಡ, ಒಂದು ನಂಬರನ್ನು ಉಪಯೋಗಿಸದೆ ಇದ್ದರಾಯಿತು. “ನಮ್ಮಲ್ಲಿ ಅಂಥ ಆಟಗಾರ ಯಾರಾದ್ರೂ ಇದ್ರಾ?” ಎಂದು ಕೇಳಿದ್ದಕ್ಕೆ, ಹಳಬರೆಲ್ಲ ಒಟ್ಟಿಗೆ ಒಬ್ಬನ ಹೆಸರೇ ಹೇಳಿದರು. ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ ನಮ್ಮ ವಾಲಿಬಾಲ್ ತಂಡದಲ್ಲಿ ಒಂಬತ್ತನೇ ನಂಬರಿನ ಅಂಗಿ ಹಾಕುತ್ತಿದ್ದವನು. ಅವನು ನೆಗೆದರೆ ಇಳಿಯುವುದನ್ನು ಮರೆಯುತ್ತಿದ್ದನಂತೆ. ಒಮ್ಮೆ ಹೊಡೆದ ಚೆಂಡು ನೆಲಕ್ಕೆ ಬಡಿದು, ಕಾಂಪೌಂಡು ಹಾರಿ, ಪಕ್ಕದ ಹೋಟೆಲಿನ ಸಾಂಬಾರಿನ ಪಾತ್ರೆಗೇ ಬಿತ್ತಂತೆ. ಹೋಟೆಲಿನವರು ಚೆಂಡನ್ನು ತೊಳೆದು ಕೊಟ್ಟರಂತೆ, ಸಾಂಬಾರನ್ನು ಹಾಗೆಯೇ ಬಡಿಸಿದರಂತೆ. ಈಗ ಅವನು ರಿಪ್ಪನ್‌ಪೇಟೆ ಬಸ್ ನಿಲ್ದಾಣದಲ್ಲಿ ಏಜೆಂಟ. “ಸಾಗರ ಸಾಗರ ಸಾಗರ! ಹತ್ತಿ ಹತ್ತಿ!” ಎಂದು ಅವನು ಕೂಗಿದರೆ ತೀರ್ಥಹಳ್ಳಿಗೆ ಹೋಗಬೇಕಾದವರೂ ಗಾಬರಿಯಿಂದ ಸಾಗರದ ಬಸ್ಸು ಹತ್ತಿಬಿಡುತ್ತಾರೆ ಎನ್ನುವ ಕೀರ್ತಿ.

ಅಂಗಿ ಕೇಳಿಕೊಂಡು ನಾನೂ ನಿರ್ದೇಶಕರೂ ರಿಪ್ಪನ್‌ಪೇಟೆಗೆ ಹೋದೆವು. ಏಜೆಂಟನ ತಾಯಿ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುವವರು. ಎರಡೂ ಕಣ್ಣಿಗೆ ಪೊರೆ ಬಂದು ಈಚೆಗೆ ಹೊಲಿಗೆ ಕಡಿಮೆ ಮಾಡಿದ್ದರು. ನಾವು ಹುಡುಕಿಕೊಂಡು ಹೋದ ಅಂಗಿ ಅಲ್ಲೇ ಇತ್ತು, ಕಿಟಕಿಯ ಪಕ್ಕದ ಹೊಲಿಗೆ ಮಿಶನ್ನಿಗೆ ಹೊದಿಸಿ. ಹಳದಿ ಬಟ್ಟೆ ಬಿಸಿಲಿಗೆ ಬಣ್ಣ ಕಳೆದುಕೊಂಡು ಒಣಹುಲ್ಲಿನ ಹಾಗಾಗಿತ್ತು. ಬೆನ್ನಿನ ತುಂಬ ಕೆಂಪು ರವಿಕೆ ಕಣದಲ್ಲಿ ಕತ್ತರಿಸಿ ಹೊಲಿದ ಒಂಬತ್ತು, ಮಣೆಯಷ್ಟು ದೊಡ್ಡದು.

“ಅಂಪೈರಿಗೆ ಕಾಣ್ಬೇಕು ಅಂದಿದ್ರು,” ಎಂದರು ಅಮ್ಮ. “ಅಂಪೈರಿನ ಕಣ್ಣು ಹೆಂಗಿದ್ಯೋ ಏನೋ ಅಂತ ದೊಡ್ಡದಾಗೇ ಹಾಕ್ದೆ. ಅದ್ಸರಿ, ಇದನ್ನ ತಗೊಂಡ್ ಹೋದ್ರೆ ಮಿಶನ್ನಿಗೆ ಏನ್ ಹೊದಿಸ್ಲಿ ಮೇಷ್ಟ್ರೇ?”

ಮಗನಿಗೆ ಹೊದಿಸಲು ತಂದಿದ್ದ ಸನ್ಮಾನದ ಶಾಲನ್ನು ಮಿಶನ್ನಿಗೆ ಹೊದಿಸಿ ಬಂದೆವು.

ಸಾಗರದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯವನಿಗೆ ಅಂಗಿ ಕೊಟ್ಟೆ. ಬೆನ್ನು ಕಾಣುವ ಹಾಗೆ ಮಡಿಸಿ, ಗಾಜು ಹಾಕಿ, ಚೆನ್ನಾಗಿ ಮಾಡಿಕೊಡಪ್ಪ ಎಂದೆ. ಪಾಪ, ಅವನು ಹುಟ್ಟಿದಾಗಿನಿಂದ ಚೆನ್ನಾಗಿ ಮಾಡುವುದು ಅಂದರೆ ಒಂದೇ ಬಗೆ ಕಂಡವನು. ಮರದ ಚೌಕಟ್ಟು, ಮೇಲೊಂದು ಪುಟ್ಟ ಕೆಂಪು ಬಲ್ಬು, ಸುತ್ತ ಗಂಧದ ಹಾರ. ಕೆಳಗೆ ಹೆಸರು ಬರೆದು, ಕಾಲೇಜಿಗೆ ಸೇರಿದ ವರ್ಷ, ಬಿಟ್ಟ ವರ್ಷ, ನಡುವೆ ಒಂದು ಗೀಟು. ನಮಗ್ಯಾರಿಗೂ ಅದರಲ್ಲಿ ತಪ್ಪೇ ಕಾಣಲಿಲ್ಲ. ಸಭಾಂಗಣದಲ್ಲಿ ಸ್ಥಾಪಕರ ಪಟದ ಪಕ್ಕಕ್ಕೇ ಮೊಳೆ ಹೊಡೆಸಿದೆವು. ನಮ್ಮ ಅಟೆಂಡರ್ ದಿನಾ ಬೆಳಿಗ್ಗೆ ಪಟಗಳಿಗೆ ಊದುಬತ್ತಿ ಬೆಳಗುವವನು. ಅವನು ಅಂಗಿಯನ್ನು ಬಿಟ್ಟಾನೆಯೇ? ಎರಡೇ ವಾರದಲ್ಲಿ ಹುಡುಗರು ಆ ಕಡೆ ಹಾದರೆ ಚಪ್ಪಲಿ ಬಿಟ್ಟು ಹೋಗತೊಡಗಿದರು. ಪರೀಕ್ಷೆಯ ದಿನ ಯಾರೋ ಒಂದು ಬಾಳೆಹಣ್ಣನ್ನೂ ಇಟ್ಟಿದ್ದರು. ಸಮಿತಿಯ ಕಾರ್ಯದರ್ಶಿಯಾಗಿ ಅದನ್ನು ನಾನೇ ತಿಂದೆ.

ಇಷ್ಟರಲ್ಲಿ ಯಾರೋ ತೆಗೆದ ಪಟದ ಫೋಟೋ ಫೋನಿನಿಂದ ಫೋನಿಗೆ ಊರೂರು ತಿರುಗಿತು. ಒಂದು ಸಂಜೆ ತೀರ್ಥಹಳ್ಳಿಯಿಂದ ನನಗೊಂದು ಕರೆ. ಏಜೆಂಟನ ಕಾಲದಲ್ಲಿ ಅಲ್ಲಿನ ಕಾಲೇಜು ತಂಡಕ್ಕೆ ಕ್ಯಾಪ್ಟನ್ ಆಗಿದ್ದವರು. ಈಗ ಅಲ್ಲೇ ಹಾರ್ಡ್‌ವೇರ್ ಅಂಗಡಿ.

“ಫೋಟೋ ನೋಡಿದೆ ಮಾರಾಯ್ರೇ. ಅನ್ನ ಸೇರ್ಲಿಲ್ಲ,” ಎಂದರು.

ಸಂತೋಷದಲ್ಲಿ ಊಟ ಬಿಟ್ಟರಲ್ಲ, ಎಂಥ ಹೃದಯವಂತರು ಎಂದುಕೊಂಡೆ. “ನಮಗೂ ಹಾಗೇ ಆಯ್ತು. ಪಟ ಹಾಕಿದ ದಿನ ಸಿಹಿಯೂಟ ಮಾಡಿಸಿದ್ವಿ.”

“ಅವನ ತಾಯಿ ಹೆಂಗಿದಾರೆ?”

“ತುಂಬಾ ಖುಷಿಯಾಗಿದ್ದಾರೆ. ಒಂದು ಶಾಲು ಕೊಟ್ವಿ.”

“ಸಾಗರದವ್ರು ಒಂದು ನಮೂನೆ ಜನ ಅಂತ ನಮ್ಮಪ್ಪ ಹೇಳ್ತಿದ್ರು,” ಎಂದವರೇ, “ಇರ್ಲಿ. ಅವನ ಹೆಸರಲ್ಲಿ ಎರಡೂ ಕಾಲೇಜಿನ ಹಳಬರದ್ದು ಒಂದು ಮ್ಯಾಚ್ ಆಗ್ಬೇಕು. ನಾವೇ ಸಾಗರಕ್ಕೆ ಬರ್ತೀವಿ,” ಎಂದರು. ಧಾರಾಳವಾಗಿ ಬನ್ನಿ ಎಂದು, ರಾತ್ರಿಯೇ ಏಜೆಂಟನಿಗೂ ಪಂದ್ಯದ ಸುದ್ದಿ ಮುಟ್ಟಿಸಿದೆ. ಪ್ರಿನ್ಸಿಪಾಲರು ಅದನ್ನೂ ಆ ವಿಶೇಷ ಪದ್ಧತಿಯ ಫೈಲಿಗೆ ಸೇರಿಸಿದರು.

ಮರುದಿನ ರಿಪ್ಪನ್‌ಪೇಟೆಯಿಂದ ಏಜೆಂಟನ ಫೋನು.

“ಮೇಷ್ಟ್ರೇ, ಒಂದು ಮಾತು ಕೇಳ್ತೀನಿ, ಸತ್ಯ ಹೇಳ್ಬೇಕು. ನಾನು ಸತ್ತಿದೀನಾ?”

ಹೊಸನಗರದ ಕಡೆಯ ದೂರದ ನೆಂಟರೊಬ್ಬರು ಬೆಳಗಿನ ಬಸ್ಸಿಗೆ ಬಂದು, ನಿಲ್ದಾಣದಲ್ಲಿ ಇವನ ಬೆನ್ನನ್ನೇ ತಟ್ಟಿ, ತೀರಿಕೊಂಡ ಏಜೆಂಟರ ಮನೆ ಎಲ್ಲಿ ಎಂದು ಕೇಳಿದರಂತೆ. ಇವನು ಅಭ್ಯಾಸಬಲದಿಂದ, “ಬಲಗಡೆ ಹೋಗಿ, ಮೂರನೇ ಮನೆ” ಎಂದು ಬಿಟ್ಟಿದ್ದಾನೆ. ಅವರು ಎರಡು ಹೆಜ್ಜೆ ಹೋದ ಮೇಲೆಯೇ ಹೊಳೆದದ್ದು.

ಆಗ ನನಗೆ ತೀರ್ಥಹಳ್ಳಿಯವರ ಅನ್ನ ಯಾಕೆ ಗಂಟಲಲ್ಲಿ ಇಳಿದಿರಲಿಲ್ಲ ಎನ್ನುವುದು ತಿಳಿಯಿತು. “ಅವರಿಗೆ ಈಗಲೇ ಫೋನ್ ಮಾಡಿ ಹೇಳ್ತೀನಿ,” ಎಂದೆ.

“ಬ್ಯಾಡ ಬ್ಯಾಡ!” ಏಜೆಂಟ ಬಸ್ಸು ನಿಲ್ಲಿಸುವ ದನಿಯಲ್ಲಿ ಕೂಗಿದ. “ಬದುಕಿದೀನಿ ಅಂತ ಗೊತ್ತಾದ್ರೆ ಅವ್ರು ಮ್ಯಾಚಿಗೆ ಬರಲ್ಲ. ಮ್ಯಾಚ್ ಆಗ್ಲೇಬೇಕು ಮೇಷ್ಟ್ರೇ. ಅಮ್ಮ ನೋಡೋಕೆ ಬರ್ತೀನಿ ಅಂದಿದಾಳೆ.”

ಇಲ್ಲಿ ಒಂದು ಸಂಗತಿ ಹೇಳಬೇಕು. ಆ ತಾಯಿ ಮಗನ ಆಟವನ್ನು ಒಂದು ದಿನವೂ ನೋಡಿದವರಲ್ಲ. ಮನಸ್ಸಿಲ್ಲದೆ ಅಲ್ಲ. ಹೆತ್ತವಳ ದೃಷ್ಟಿಯಷ್ಟು ಕೆಟ್ಟ ದೃಷ್ಟಿ ಇನ್ನೊಂದಿಲ್ಲ ಎಂದು ನಮ್ಮ ಕಡೆ ಒಂದು ನಂಬಿಕೆ. ನನ್ನ ಅಜ್ಜಿಯೂ ಮಕ್ಕಳು ಊಟಕ್ಕೆ ಕೂತಾಗ ತಟ್ಟೆ ನೋಡುತ್ತಿದ್ದಳೇ ಹೊರತು ಮುಖ ನೋಡುತ್ತಿರಲಿಲ್ಲ. ಮಗ ಅಷ್ಟೆತ್ತರ ನೆಗೆಯುವುದನ್ನು ತಾನು ಕಣ್ಣಾರೆ ಕಂಡು, ಹೊಟ್ಟೆ ತುಂಬ ಸಂತೋಷಪಟ್ಟು, ಅವನ ಕಾಲಿಗೇನಾದರೂ ಆದರೆ? ಹಾಗಾಗಿ ಪಂದ್ಯವಿದ್ದ ದಿನ ಬಾಗಿಲು ಹಾಕಿಕೊಂಡು ರವಿಕೆ ಹೊಲಿದರು. ಈಗ ಶಿವಮೊಗ್ಗದಲ್ಲಿ ಪೊರೆ ತೆಗೆಸಲು ದಿನ ಗೊತ್ತಾಗಿತ್ತು. ಪಂದ್ಯದ ಮರುವಾರವೇ ಮೊದಲನೇ ಕಣ್ಣು.

ನಾನೇ ರಿಪ್ಪನ್‌ಪೇಟೆಗೆ ಹೋಗಿ, “ಅಮ್ಮಾ, ಆಪರೇಷನ್ ಆದಮೇಲೆ ಮ್ಯಾಚ್ ಇಟ್ಕೊಂಡ್ರೆ ಚೆನ್ನಾಗಿ ಕಾಣುತ್ತಲ್ಲ?” ಎಂದು ಕೇಳಿದೆ. ನಾನು ಕನ್ನಡ ಓದಿದ್ದು ದಂಡ ಎನ್ನುವ ಹಾಗೆ ನನ್ನ ಕಡೆ ನೋಡಿದರು.

“ಚೆನ್ನಾಗಿ ಕಂಡ್ರೆ ಚೆನ್ನಾಗೇ ದೃಷ್ಟಿ ಆಗಲ್ವಾ? ಈಗ ನನ್ ಕಣ್ಣಲ್ಲಿ ಶಕ್ತಿ ಇಲ್ಲ. ಬರೀ ಮಂಜು. ಈಗ್ಲೇ ನೋಡಿ ಮುಗಿಸ್ಬಿಡ್ಬೇಕು. ಮುಖ ಕಾಣದಿದ್ರೆ ಕಾಣದೆ ಇರ್ಲಿ, ನಾನ್ ಹಾಕಿದ ಕೆಂಪು ಒಂಬತ್ತು ಕಂಡ್ರೆ ಸಾಕು. ಅದು ಮೇಲೆ ಹೋದ್ರೆ ನನ್ ಮಗ ಮೇಲೆ ಹೋದ ಅಂತ.”

ಇದನ್ನೇ ತಂದು ಸಮಿತಿಯ ಮುಂದಿಟ್ಟೆ. ನಿರ್ದೇಶಕರು ತಲೆಯಾಡಿಸಿದರು. “ಒಂಬತ್ತು ಆಗಲ್ಲ ಸಾರ್. ಯಾರೂ ಹಾಕೋ ಹಂಗಿಲ್ಲ ಅಂತ ಬರೆದಾಗಿದೆ.”

“ಅದು ಅವನದ್ದೇ ನಂಬರಲ್ಲವೇನ್ರಿ?” ಎಂದೆ.

“ಅವನದ್ದು ಅಂತಲೇ ಅಲ್ವಾ ಸಾರ್ ಯಾರಿಗೂ ಕೊಡದೆ ಇಟ್ಟಿದ್ದು? ಅವನೇ ಹಾಕ್ಕೊಂಡ್ರೆ ಮತ್ತೆ ಅವನಿಗೆ ಗೌರವ ಎಲ್ಲಿ ಬಂತು?”

ಇದಕ್ಕೆ ತರ್ಕದಲ್ಲಿ ಉತ್ತರವಿದ್ದರೂ ಅದು ನಾನು ಕಲಿತ ತರ್ಕವಲ್ಲ. ಹೊಸ ಅಂಗಿಯ ಬೆನ್ನಿನ ಮೇಲೆ ಒಂದು ಅಂಕೆ ಹೆಚ್ಚಿಗೆ ಮುದ್ರಿಸಿ ಹತ್ತೊಂಬತ್ತು ಮಾಡೋಣ, ಒಂಬತ್ತೂ ಅದರೊಳಗೇ ಇದ್ದಂತಾಯಿತು ಎಂದು ಪ್ರಿನ್ಸಿಪಾಲರು ರಾಜಿ ಹೇಳಿದರು. ಅಂಗಡಿಯ ಮುದ್ರಣದ ಸಣ್ಣ ಕಪ್ಪು ಅಂಕೆಗಳು ಆ ತಾಯಿಗೆ ಕಾಣುವುದಿಲ್ಲ ಎಂದೆ. ಫೈಲಿಗೆ ಕಾಣುತ್ತದಲ್ಲ ಎಂದರು. ನನ್ನ ಅಜ್ಜಿ ಪೆಟ್ಟಿಗೆ ತೆಗೆದಾಗಲೆಲ್ಲ ಹೇಳುತ್ತಿದ್ದಳು: ಉಟ್ಟ ಸೀರೆ ಹರಿದರೆ ನಾನು ಉಟ್ಟೆ ಅನ್ನಬಹುದು, ಇಟ್ಟ ಸೀರೆ ಹರಿದರೆ ಹುಳ ಉಟ್ಟಿತು ಅನ್ನಬೇಕು. ಸಭೆಯ ನಡಾವಳಿಯಲ್ಲಿ ಅಜ್ಜಿಯ ಮಾತಿಗೆ ಜಾಗವಿರಲಿಲ್ಲ. ಹತ್ತೊಂಬತ್ತೆಂದೇ ಬರೆದು ಸಹಿ ಹಾಕಿದೆ.

ಪಂದ್ಯದ ದಿನ ಮಧ್ಯಾಹ್ನ ಏಜೆಂಟ ತಾಯಿಯನ್ನು ಕರೆದುಕೊಂಡು ಬಂದ. ಅಂಕಣದ ಪಕ್ಕದಲ್ಲೇ ಕುರ್ಚಿ ಹಾಕಿಸಿದೆ. ಅಮ್ಮ ಹೊಲಿಗೆಯ ಸಣ್ಣ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಮೈದಾನದ ಕಡೆಗೆ ಮುಖ ಮಾಡಿ, “ಎಲ್ಲಿ, ಕೆಂಪು ಎಲ್ಲಿ?” ಎಂದು ಕೇಳುತ್ತಲೇ ಇದ್ದರು. ಹತ್ತೊಂಬತ್ತರ ವಿಷಯ ಹೇಳಲು ನನಗೂ ಬಾಯಿ ಬರಲಿಲ್ಲ, ಅವನಿಗೂ ಬರಲಿಲ್ಲ.

ತೀರ್ಥಹಳ್ಳಿಯ ವ್ಯಾನು ಬಂತು. ಎಲ್ಲರೂ ಅಂಗಿಯ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಿದ್ದರು. ಕ್ಯಾಪ್ಟನ್ನರ ಕೈಯಲ್ಲಿ ಒಂದು ಸೇವಂತಿಗೆ ಹಾರ. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ನೇರ ಅಂಕಣದ ನಡುವೆ ಹೋಗಿ ನಿಂತು, “ಅಗಲಿದ ಗೆಳೆಯನಿಗಾಗಿ ಎರಡು ನಿಮಿಷ ಮೌನ,” ಎಂದು ಘೋಷಿಸಿದರು. ತಡೆಯಬೇಕೆಂದು ನಾನು ಓಡಿದೆ. ಆದರೆ ಎಲ್ಲರೂ ಆಗಲೇ ಕಣ್ಣು ಮುಚ್ಚಿ ನಿಂತಾಗಿತ್ತು, ಮೌನದೊಳಗೆ ನಾನು ಹೇಗೆ ಮಾತಾಡಲಿ? ನಮ್ಮ ತಂಡದವರೂ ತಲೆ ತಗ್ಗಿಸಿದರು. ಏಜೆಂಟನೂ ಸಾಲಿನಲ್ಲಿ ನಿಂತು, ಕೈ ಕಟ್ಟಿಕೊಂಡು, ಗಂಭೀರವಾಗಿ ತನಗೇ ಎರಡು ನಿಮಿಷ ಮೌನ ಆಚರಿಸಿದ.

ಕ್ಯಾಪ್ಟನ್ ಕಣ್ಣು ಬಿಟ್ಟಾಗ ಎದುರಿಗೇ ಅವನು.

“ಥೋ! ನೀನು ಇದ್ದೀಯಾ ಮಾರಾಯಾ?”

“ಹ್ಞೂಂ. ಇದ್ದೀನಿ.”

“ಹಂಗಾದ್ರೆ ನಾನು ಎರಡು ದಿನ ಉಪವಾಸ ಬಿದ್ದಿದ್ದು?”

“ಹೊಟ್ಟೆ ನೋಡಿದ್ರೆ ಹಂಗೇನೂ ಕಾಣಲ್ಲಪ್ಪ.”

ಕ್ಯಾಪ್ಟನ್ ಹಾರವನ್ನು ಅವನ ಕುತ್ತಿಗೆಗೇ ಎಸೆದು, ಎರಡು ಸಲ ಗುದ್ದಿ, ಆಮೇಲೆ ತಬ್ಬಿಕೊಂಡು ನಿಜವಾಗಿಯೂ ಅತ್ತರು. ಅತ್ತು ಮುಗಿದ ಮೇಲೆ ಅವನನ್ನು ತಿರುಗಿಸಿ ಬೆನ್ನು ನೋಡಿದರು. “ಇದೆಂತದು ಹತ್ತೊಂಬತ್ತು? ಆ ದರಿದ್ರ ಕೆಂಪು ಒಂಬತ್ತು ಎಲ್ಲಿ? ಮೂರು ವರ್ಷ ನಮಗೆ ನಿದ್ದೆಗೆಡಿಸಿದ್ದು ಅದು. ಅದಿಲ್ದೆ ನಾವು ಆಡಲ್ಲ. ನೀನು ಸತ್ತಿದ್ರೆ ಬೇರೆ ಮಾತು.”

“ಎಂತ? ಮೈಮೇಲೆ ಒಂಬತ್ತಿಲ್ವಾ?” ಕುರ್ಚಿಯಿಂದ ಅಮ್ಮನ ದನಿ. “ಹಂಗಾದ್ರೆ ನಾನ್ ಇಷ್ಟೊತ್ತು ಯಾರ್ ಕಡೆ ನೋಡ್ತಿದ್ದೆ?”

ನಾವು ನಿರ್ದೇಶಕರ ಮುಖ ನೋಡಿದೆವು, ನಿರ್ದೇಶಕರು ಪ್ರಿನ್ಸಿಪಾಲರ ಮುಖ ನೋಡಿದರು, ಪ್ರಿನ್ಸಿಪಾಲರು ಆಕಾಶ ನೋಡಿದರು. ಅಷ್ಟರಲ್ಲಿ ಅಟೆಂಡರ್ ಯಾರನ್ನೂ ಕೇಳದೆ ಸಭಾಂಗಣಕ್ಕೆ ಹೋಗಿ, ಪಟವನ್ನು ಹಾರ ಸಮೇತ ಹೊತ್ತು ತಂದ. “ದಿನಾ ಊದುಬತ್ತಿ ಹಚ್ಚೋನು ನಾನು. ಬಿಚ್ಚೋಕೂ ನಂಗೇ ಹಕ್ಕು,” ಎಂದು ಹಿಂದಿನ ಮೊಳೆಗಳನ್ನು ಕಿತ್ತ. ಅಂಗಿ ಹೊರಬಂತು, ಗಂಧ ಧೂಪದ ಘಮಘಮ. ಏಜೆಂಟ ತಲೆ ತೂರಿಸಿದ. ಭುಜದ ಹತ್ತಿರ ಅದು ನಿಂತೇ ಹೋಯಿತು. ಇಪ್ಪತ್ತು ವರ್ಷದ ನಿಲ್ದಾಣದ ಬನ್ನು, ಬೋಂಡ ಎಲ್ಲ ಅಡ್ಡ ಬಂದಿದ್ದವು. ಎರಡು ಜನ ಎಳೆದರೂ ಇಳಿಯಲಿಲ್ಲ. ಕೈಗಳು ಮೇಲೇ ಸಿಕ್ಕಿಕೊಂಡು, ಪೊಲೀಸರಿಗೆ ಶರಣಾದವನ ಹಾಗೆ ನಿಂತಿದ್ದ.

“ಎಳೀಬ್ಯಾಡಿ, ಹರೀತದೆ. ಇಲ್ಲಿ ತನ್ನಿ,” ಎಂದರು ಅಮ್ಮ.

ಅಂಗಿಯನ್ನು ಮಡಿಲಿಗೆ ಹಾಕಿಕೊಂಡು ಡಬ್ಬಿಯಿಂದ ಅರ್ಧ ಬ್ಲೇಡು ತೆಗೆದರು. ನೋಡಲೇ ಇಲ್ಲ. ಬೆರಳಿನಿಂದ ಹೊಲಿಗೆಯ ಅಂಚು ಸವರುತ್ತ, “ನಾನ್ ಹಾಕಿದ ಗಂಟು ನಂಗೆ ಗೊತ್ತಿಲ್ವಾ,” ಎನ್ನುತ್ತ, ಕೆಂಪು ಒಂಬತ್ತನ್ನು ಇಡಿಯಾಗಿ ಬಿಡಿಸಿದರು. ನಿರ್ದೇಶಕರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, “ಅಮ್ಮಾ, ಅಮ್ಮಾ, ನಂಬರೇ ಹೋದ್ರೆ ಫ್ರೇಮಲ್ಲಿ ಏನ್ ತೋರಿಸ್ಲಿ? ಅಂಕ ಕೊಡೋ ತಂಡ ಬರುತ್ತೆ,” ಎಂದು ಅಳುವುದೊಂದು ಬಾಕಿ.

ಸೂಜಿಗೆ ದಾರ ನಾನು ಪೋಣಿಸಿ ಕೊಟ್ಟೆ. ಮೈಮೇಲಿರುವ ಬಟ್ಟೆಗೆ ಸೂಜಿ ಹಾಕಬಾರದು ಎನ್ನುತ್ತಾರೆ. ಅದಕ್ಕೆ ಪರಿಹಾರವೆಂದು ಮಗನ ಬಾಯಿಗೆ ಒಂದು ತುಂಡು ದಾರ ಕಚ್ಚಿಸಿ, ಅವನನ್ನು ಮುಂದೆ ಕೂರಿಸಿಕೊಂಡು, ಹತ್ತೊಂಬತ್ತರ ಮೇಲೆಯೇ ಒಂಬತ್ತನ್ನು ಹೊಲಿದರು. “ಅಲ್ಲಾಡ್ಬ್ಯಾಡ. ಮಗ್ಗಲು ಮಗ್ಗಲಿಗೆ ಬೆಳ್ದಿದೀಯ. ಆಗ ಬೆನ್ನಿಗಿಂತ ನಂಬರು ದೊಡ್ಡದಿತ್ತು, ಈಗ ನೋಡು,” ಎಂದು ನಡುನಡುವೆ ಬೈಗುಳ. ಬಾಯಲ್ಲಿ ದಾರವಿದ್ದದ್ದರಿಂದ ಅವನು ಉತ್ತರ ಕೊಡುವ ಹಾಗಿರಲಿಲ್ಲ.

ಅಷ್ಟರಲ್ಲಿ ನಿರ್ದೇಶಕರು ಚೀರಿದರು. ಖಾಲಿಯಾದ ಅಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು. ಅಷ್ಟು ವರ್ಷ ಕಿಟಕಿಯ ಬಿಸಿಲು ತಿಂದ ಬಟ್ಟೆಯೆಲ್ಲ ಬಿಳಿಚಿತ್ತು. ಕೆಂಪು ಬಟ್ಟೆಯ ಅಡಿಯಲ್ಲಿದ್ದಷ್ಟು ಭಾಗ ಮಾತ್ರ ಅರಿಶಿನದಂತೆ ಹೊಸದಾಗಿಯೇ ಉಳಿದಿತ್ತು. ಬೆನ್ನಿನ ತುಂಬ, ಅದೇ ಒಂಬತ್ತು.

“ಇದೆ ಸಾರ್! ಇನ್ನೂ ಇದೆ! ತೆಗೆದ್ರೂ ಹೋಗಿಲ್ಲ!”

ಪ್ರಿನ್ಸಿಪಾಲರು ಆಕಾಶದಿಂದ ಕೆಳಗಿಳಿದು ನೋಡಿ, “ಹಾಗಾದ್ರೆ ನಿಯಮ ಮುರಿದ ಹಾಗಾಗ್ಲಿಲ್ಲ,” ಎಂದರು. ಅಟೆಂಡರ್ ಅಂಗಿಯನ್ನು ಮತ್ತೆ ಗಾಜಿನೊಳಗೆ ಹಾಕಿ ಒಯ್ದ. ಇಂದಿಗೂ ಅದು ಅಲ್ಲೇ ಇದೆ. ಬೇರೆ ಕಾಲೇಜಿನವರು ಬಂದು, ನಾವೂ ಹೀಗೆ ನಂಬರು ಎತ್ತಿಡಬೇಕೇ ಎಂದು ನನ್ನನ್ನು ಕೇಳುತ್ತಾರೆ. ಎತ್ತಿಡಿ, ಆದರೆ ಹೊಲಿಗೆ ಬಿಚ್ಚಲು ಬರುವವರ ವಿಳಾಸ ಇಟ್ಟುಕೊಳ್ಳಿ ಎನ್ನುತ್ತೇನೆ. ಅವರು ನಕ್ಕು ಹೋಗುತ್ತಾರೆ. ನಾನು ತಮಾಷೆಗೆ ಹೇಳಿದ್ದಲ್ಲ.

ಆ ದಿನ ಅಂತೂ ಪಂದ್ಯ ಶುರುವಾಯಿತು. ಮೊದಲ ಸೆಟ್ಟಿನಲ್ಲಿ ಎರಡೂ ಕಡೆಯವರು ಚೆಂಡಿಗಿಂತ ಉಸಿರಿನ ಹಿಂದೆಯೇ ಹೆಚ್ಚು ಓಡಿದರು. ಎರಡನೇ ಸೆಟ್ಟಿನ ನಡುವೆ ಒಂದು ಚೆಂಡು ನೆಟ್ಟಿನ ಪಕ್ಕ ಹದವಾಗಿ ಎದ್ದಿತು. ಏಜೆಂಟ, “ನಂದು ನಂದು ನಂದು!” ಎಂದು ಬಸ್ಸಿಗೆ ಜನ ಕರೆಯುವ ಧಾಟಿಯಲ್ಲಿ ಕೂಗಿಕೊಂಡು ಓಡಿಬಂದು ನೆಗೆದ. ಆ ಮೈ ಅಷ್ಟು ಮೇಲೆ ಹೋದೀತೆಂದು ನಾನಂತೂ ನಂಬಿರಲಿಲ್ಲ. ನನ್ನ ಪಕ್ಕದಲ್ಲಿ ಅಮ್ಮ ಕುರ್ಚಿಯಿಂದ ಅರ್ಧ ಎದ್ದಿದ್ದರು.

“ಹೋಯ್ತು ಹೋಯ್ತು... ಕೆಂಪು ಮೇಲೆ ಹೋಯ್ತು ಮೇಷ್ಟ್ರೇ!”

ಚೆಂಡು ತೀರ್ಥಹಳ್ಳಿಯ ಕ್ಯಾಪ್ಟನ್ನರ ಕಾಲ ಸಂದಿಯಲ್ಲಿ ನೆಲಕ್ಕೆ ಬಡಿಯಿತು. ಕೆಂಪು ಕೆಳಗೆ ಬಂತು. ಬಂದದ್ದು ಸ್ವಲ್ಪ ವಾರೆಯಾಗಿ. ಪಾದ ಮಗುಚಿ, ಏಜೆಂಟ ಕಾಲು ಹಿಡಿದುಕೊಂಡು ಕೂತುಬಿಟ್ಟ.

ಎಲ್ಲರೂ ಓಡಿದರು. ನಾನು ಅಮ್ಮನ ಕೈ ಹಿಡಿದು ನಡೆಸಿಕೊಂಡು ಹೋದೆ, ಹೋಗುತ್ತ ಅವರ ಮುಖ ನೋಡಿದೆ. ಗಾಬರಿಯಿತ್ತು, ಸುಳ್ಳು ಹೇಳಲಾರೆ. ಆದರೆ ಆ ಗಾಬರಿಯ ಜೊತೆಗೇ ಇಪ್ಪತ್ತು ವರ್ಷದ ವಾದ ಗೆದ್ದವರ ಒಂದು ಕಳೆ.

“ನೋಡಿದ್ರಾ? ಇಷ್ಟು ಮಂಜಾದ ಕಣ್ಣಿಗೇ ಹಿಂಗೆ! ಆಗ ನಾನು ಬಂದಿದ್ರೆ ಇವ್ನ ಕಾಲು ಉಳೀತಿತ್ತಾ?” ಎಂದವರೇ, “ಕ್ಯಾಂಟೀನಿಂದ ಉಪ್ಪು, ಒಣಮೆಣಸು ತನ್ನಿ,” ಎಂದರು. ಅಟೆಂಡರ್ ತಂದ. ಮಗನ ಕಾಲಿಗೆ ಮೂರು ಸುತ್ತು ನಿವಾಳಿಸಿ, ಆಮೇಲೆ ಅವನನ್ನು ತಿರುಗಿಸಿ ಬೆನ್ನಿನ ಒಂಬತ್ತಿಗೂ ಮೂರು ಸುತ್ತು ನಿವಾಳಿಸಿದರು. ತೀರ್ಥಹಳ್ಳಿಯ ಕ್ಯಾಪ್ಟನ್ ತಾವೂ ಹತ್ತಿರ ಬಂದು, “ನಂಗೂ ಒಂಚೂರು ಅಮ್ಮಾ,” ಎಂದು ತಲೆ ಬಗ್ಗಿಸಿದರು.

ಮೂರು ವಾರ ಬಿಟ್ಟು ರಿಪ್ಪನ್‌ಪೇಟೆಗೆ ಹೋಗಿದ್ದೆ. ಒಂದು ಕಣ್ಣಿನ ಆಪರೇಷನ್ ಚೆನ್ನಾಗಿ ಆಗಿತ್ತು. ಅಮ್ಮ ಕಪ್ಪು ಕನ್ನಡಕ ಎತ್ತಿ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, “ಅಯ್ಯೋ, ಇಷ್ಟು ವಯಸ್ಸಾಗಿದ್ಯಾ ನಿಮಗೆ? ಮಂಜಲ್ಲಿ ಹುಡುಗ್ರ ಹಂಗೆ ಕಾಣ್ತಿದ್ರಿ,” ಎಂದರು. ಮಿಶನ್ನಿನ ಮೇಲೆ ನಮ್ಮ ಕಾಲೇಜಿನ ಶಾಲು, ಶಾಲಿನ ಮೇಲೆ ಕೆಂಪು ಒಂಬತ್ತು ಹೊಲಿದಿದ್ದರು. ಏಜೆಂಟ ಕಾಲಿಗೆ ಪಟ್ಟಿ ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದ.

ಅಮ್ಮ ಕಾಫಿ ತಂದರು. ನನಗೆ ನನ್ನ ಮುಖ ನೋಡಿ ಕೊಟ್ಟರು. ಮಗನ ಕಡೆಗೆ ಲೋಟ ಚಾಚುವಾಗ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು.

“ಕೈ ಮೇಲೆ ಚೆಲ್ತೀಯ ಅಮಾ, ಇತ್ಲಾಗೆ ನೋಡು,” ಎಂದ ಅವನು.

“ಕಾಲು ವಾಸಿ ಆಗ್ಲಿ, ಆಮೇಲೆ ನೋಡ್ತೀನಿ,” ಎಂದರು, ಕ್ಯಾಲೆಂಡರಿಗೇ.